ಪ್ಯಾಕೆಟ್‌ಗೆ ಮಾರ್ಕ್ ಹಚ್ಚೀನಿ, ಕೌಂಟರ್ ಓಡ್ಲಿಕತ್ತದ, ಆದ್ರೂ ಹೆಬ್ಬೆಟ್ಟು ಟೈಮ್‌ಔಟ್. ಎಲ್ಲಿ ತಪ್ಪೀನಿ?

ರಾಯಚೂರು_ಬಿಸ್ಲು · ಸೋಮವಾರ ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರೀ. ತೀನ್ ಕಂದೀಲ್ ಹತ್ರ ನಂದೊಂದು ಸಣ್ಣ ಆನ್‌ಲೈನ್ ಸೆಂಟರ್ ಅದ, ಪಹಣಿ ತೆಗದು ಕೊಡೋದು, ಬೆಳೆ ವಿಮೆ ಅರ್ಜಿ, ಪೆನ್ಶನ್ ಹೆಬ್ಬೆಟ್ಟು, ಹುಡುಗ್ರ ಎಕ್ಸಾಮ್ ಫಾರ್ಮ್, ಹಿಂಗ. ಬಾಜೂಕ ಸೋದರ ಮಾವಂದು ಫೋಟೋ ಸ್ಟುಡಿಯೋ. ಇಬ್ಬರಿಗೂ ಒಂದ ನೆಟ್ಟು, ಡೌನ್ 40 ಅಪ್ 10 ಎಂಬಿಪಿಎಸ್, ಬಿಲ್ ಅರ್ಧ ಅರ್ಧ.

ತಕರಾರು ಏನಂದ್ರ ಮಾವ ಮದುವಿ ವಿಡಿಯೋ ಅಪ್‌ಲೋಡ್‌ಗೆ ಹಚ್ಚಿದ್ನೆಂದ್ರ ಮುಗೀತು, ನನ್ ಕಡಿ ಹೆಬ್ಬೆಟ್ಟು ಮಷೀನು ಟೈಮ್‌ಔಟ್ ಆಗ್ತದ. ಮೊನ್ನೆ ಒಬ್ಬಾಕಿ ಮುದುಕಿ ಮೂರು ಸಲ ಒತ್ತಿ ಒತ್ತಿ "ನನ್ ಬೆರಳೇ ಸವದಾವೇನೋ ಯಪ್ಪಾ" ಅಂದ್ಲು. ಬೆರಳು ಬರೋಬ್ಬರಿ ಇದ್ವು, ನೆಟ್ಟು ಸರಿ ಇದ್ದಿಲ್ಲ, ಅದನ್ನ ಆಕಿಗೆ ಹೆಂಗ ಹೇಳ್ಲಿ.

ಹಳೇ ಪಿಸಿಗೆ ಎರಡು ಲ್ಯಾನ್ ಕಾರ್ಡ್ ಹಾಕಿ ಡೆಬಿಯನ್ ಹಚ್ಚಿ ಅದನ್ನ ರೌಟರ್ ಮಾಡೀನಿ. ಐಪಿಟೇಬಲ್ಸ್‌ನಾಗ (ಲಿನಕ್ಸ್ ಫೈರ್‌ವಾಲ್ ಟೂಲು) ಮ್ಯಾಂಗಲ್ ಟೇಬಲ್, ಪೋಸ್ಟ್‌ರೌಟಿಂಗ್ ಚೈನ್ (ಪ್ಯಾಕೆಟ್ ಹೊರಗ ಹೋಗೋ ಮುಂಚಿನ ಹಂತ), ಅಲ್ಲಿ ಹೆಬ್ಬೆಟ್ಟು ಪಿಸಿಗೆ ಮಾರ್ಕ್ 0ಎಕ್ಸ್10, ಮಾವನ ಸ್ಟುಡಿಯೋಕ್ಕ ಮಾರ್ಕ್ 0ಎಕ್ಸ್30. ಟಿಸಿ, ಅಂದ್ರ ಟ್ರಾಫಿಕ್ ಸಾಲು ಹಚ್ಚೋ ಕಮಾಂಡು, ಅದರೊಳಗ ಸ್ಪೀಡ್ ಹಂಚೋ ಎಚ್‌ಟಿಬಿ ಹಾಕಿ ಮೂರು ಕ್ಲಾಸ್ ಮಾಡೀನಿ: 1:10 ಮುಖ್ಯ, 1:20 ಉಳಿದವ್ರು, ಅದೇ ಡಿಫಾಲ್ಟು, 1:30 ಮಾವ. ಮಾರ್ಕ್ ಓದೋ ಎಫ್‌ಡಬ್ಲ್ಯೂ ಫಿಲ್ಟರ್‌ನಾಗ ಹ್ಯಾಂಡಲ್ 10 ಬಂದ್ರ 1:10ಕ್ಕ, 30 ಬಂದ್ರ 1:30ಕ್ಕ. ಐಪಿಟೇಬಲ್ಸ್ ಕೌಂಟರ್ ಮಸ್ತ್ ಓಡ್ಲಿಕತ್ತದ, ಅಂದ್ರ ಮಾರ್ಕ್ ಬೀಳ್ಲಿಕತ್ತದ. ಪಿಂಗ್ (ಪ್ಯಾಕೆಟ್ ಹೋಗಿ ಬರೋ ಟೈಮು) ಮಾತ್ರ ಲೈನ್ ಖಾಲಿ ಇದ್ದಾಗ 8 ಮಿಲಿಸೆಕೆಂಡ್, ಮಾವ ಶುರು ಮಾಡಿದ ಮ್ಯಾಲ 1100, 1300. ಮಾರ್ಕ್ ಹಚ್ಚೂಕಿಂತ ಮೊದ್ಲೂ ಅಷ್ಟ, ಹಚ್ಚಿದ ಮ್ಯಾಲೂ ಅಷ್ಟ.

ಮೊಬೈಲ್‌ನಾಗ ಟೈಪ್ ಮಾಡ್ಲಿಕತ್ತೀನಿ, ಕಮಾಂಡ್ ಪೇಸ್ಟ್ ಮಾಡ್ಲಿಕ್ಕ ಆಗಂಗಿಲ್ಲ, ತಪ್ಪು ತಿಳೀಬ್ಯಾಡ್ರಿ.

ಸುಮ್ನೆ_ಓದೋನು · ಸೋಮವಾರ 9:52

ಇಷ್ಟೆಲ್ಲಾ ಯಾಕೆ ಗುರೂ, 100 ಎಂಬಿಪಿಎಸ್ ಪ್ಲಾನ್ ತಗೋ, ಮುಗೀತು.

ರಾಯಚೂರು_ಬಿಸ್ಲು · ಸೋಮವಾರ 9:55

ತಗೊಂಡ್ರ ಮಾವ 4ಕೆನಾಗ ಶೂಟ್ ಮಾಡ್ಲಿಕ್ಕ ಶುರು ಮಾಡ್ತಾನ. ಅವನು ಖಾಲಿ ಇದ್ದಷ್ಟೂ ತುಂಬ್ತಾನ್ರೀ. ಅಪ್ಪನ ಕಾಲಕ್ಕಿಂದ ಹಂಗ.

ಬಳ್ಳಾರಿ_ಬ್ಯಾಷ್ · ಸೋಮವಾರ 10:20

ಬಿಸ್ಲು ಅಣ್ಣಾ, ಮೊದ್ಲು ಒಂದು ಮಾತು. ಐಪಿಟೇಬಲ್ಸ್ ಕೌಂಟರ್ ಓಡಿದ್ರೆ ಮಾರ್ಕ್ ಬಿತ್ತು ಅಂತ ಅಷ್ಟೇ ಅರ್ಥ, ಆ ಮಾರ್ಕ್‌ನ ಯಾರಾದ್ರೂ ಓದಿದ್ರು ಅಂತ ಅರ್ಥ ಅಲ್ಲ. ಮಾರ್ಕ್ ಅನ್ನೋದು ಚೀಟಿ. ಆಸ್ಪತ್ರೇಲಿ ಕಾಂಪೌಂಡರ್ ಕೈಗೆ ಚೀಟಿ ಕೊಡ್ತಾನಲ್ಲ, ಅದು ಕೈಲಿದ್ರೆ ಡಾಕ್ಟ್ರು ಬೇಗ ನೋಡಲ್ಲ, ಒಳಗೆ ಯಾರಾದ್ರೂ ಚೀಟಿ ನೋಡಿ ಕರೀಬೇಕು. ಕರ್ನಲ್ (ಲಿನಕ್ಸಿನ ತಿರುಳು) ಒಳಗೆ ಪ್ರತಿ ಪ್ಯಾಕೆಟ್‌ಗೂ ಎಸ್‌ಕೆ-ಬಫ್ ಅಂತ ಒಂದು ಸ್ಟ್ರಕ್ಚರ್ ಇರ್ತೈತೆ, ಅದ್ರಲ್ಲಿ ಮಾರ್ಕ್ ಅಂತ 32 ಬಿಟ್‌ದು ಒಂದು ಖಾನೆ, ಅಲ್ಲಿ ನಂಬರ್ ಬರೀತೀಯ ಅಷ್ಟೇ. ಪ್ಯಾಕೆಟ್ ಒಳಗಿನ ಒಂದು ಅಕ್ಷರಾನೂ ಬದಲಾಗಲ್ಲ. ಐಪಿಟೇಬಲ್ಸ್ ಹಿಂದಿರೋ ನೆಟ್‌ಫಿಲ್ಟರ್ ಬರೀತೈತೆ. ಓದೋರು ಬೇರೆ: ಟಿಸಿ ಫಿಲ್ಟರ್ ಓದಬೌದು, ಐಪಿ ರೂಲ್ ಓದಿ ಬೇರೆ ರೌಟಿಂಗ್ ಟೇಬಲ್‌ಗೆ ಕಳಿಸಬೌದು, ಇನ್ನೊಂದು ಫೈರ್‌ವಾಲ್ ರೂಲ್ ಓದಬೌದು. ಯಾರೂ ಓದ್ಲಿಲ್ಲ ಅಂದ್ರೆ ಕಾರ್ಡ್ ದಾಟೋ ಹೊತ್ತಿಗೆ ಚೀಟಿ ಕಸದ ಬುಟ್ಟಿಗೆ.

ಈಗ ಟಿಸಿಗೆ ಅಂಕಿ ಸಮೇತ ಕ್ಲಾಸ್ ತೋರ್ಸು ಅಂತ ಕೇಳು, ಮೈನಸ್ ಎಸ್ ಹಾಕಿ. ಮೂರು ಕ್ಲಾಸಲ್ಲಿ ಎಷ್ಟೆಷ್ಟು ಬೈಟ್ ಹೋಗೈತೆ ಹೇಳು.

ರಾಯಚೂರು_ಬಿಸ್ಲು · ಸೋಮವಾರ 10:41

1:10 ಸೊನ್ನಿ. 1:30 ಸೊನ್ನಿ. 1:20ದಾಗ ಪೂರಾ 6 ಜಿಬಿ.

ಬಳ್ಳಾರಿ_ಬ್ಯಾಷ್ · ಸೋಮವಾರ 10:44

ಗೊತ್ತಾತು ಬಿಡು. ಐಪಿಟೇಬಲ್ಸ್‌ನಲ್ಲಿ 0ಎಕ್ಸ್10 ಬರ್ದೀಯ, ಅದು ಹೆಕ್ಸ್ (16ರ ಲೆಕ್ಕ), ಅಂದ್ರೆ ಹದಿನಾರು. ಟಿಸಿ ಫಿಲ್ಟರ್‌ನಲ್ಲಿ ಹ್ಯಾಂಡಲ್ ಬರೇ 10 ಬರ್ದೀಯ, ಅದು ಹತ್ತು. ಹದಿನಾರು ನಂಬರ್ ಚೀಟಿ ಹಿಡ್ಕಂಡೋನು ಹತ್ತು ಅಂತ ಕರೆದ್ರೆ ಎದ್ದು ಬರ್ತಾನಾ? ಎಲ್ರೂ ಡಿಫಾಲ್ಟ್ ಕ್ಲಾಸಿಗೆ ಬಂದು ಬಿದ್ದಾರೆ. ಇದ್ರಲ್ಲಿ ಇನ್ನೊಂದು ತಮಾಷೆ, ಕ್ಲಾಸಿನ ಹೆಸರು 1:10 ಐತಲ್ಲ, ಆ 10 ಮಾತ್ರ ಯಾವಾಗ್ಲೂ ಹೆಕ್ಸೇ, ಎಚ್‌ಟಿಬಿ ಡಿಫಾಲ್ಟ್ ನಂಬರೂ ಹೆಕ್ಸೇ. ಒಂದೇ ಸಾಲಲ್ಲಿ ಎರಡು 10, ಎರಡಕ್ಕೂ ಬೇರೆ ಲೆಕ್ಕ. ಇದನ್ನ ಬರ್ದೋರು ಹೊಟ್ಟೆ ತುಂಬ ಉಂಡು ನಿದ್ದೆಗಣ್ಣಲ್ಲಿ ಬರ್ದಿರ್ಬೇಕು. ಎರಡೂ ಕಡೆ 0ಎಕ್ಸ್ ಹಾಕು.

ರಾಯಚೂರು_ಬಿಸ್ಲು · ಸೋಮವಾರ 11:15

ಹಾಕ್ದೆ. ಈಗ 1:10, 1:30 ಎರಡೂ ತುಂಬ್ಲಿಕತ್ತಾವ. ಇದಕ್ಕ ಮೂರು ದಿನ ಕಳದೀನಿ ನಾ.

ಆದ್ರ ಪಿಂಗ್ ಇನ್ನೂ 1200 ಅದ ಅಣ್ಣಾ.

ಬಳ್ಳಾರಿ_ಬ್ಯಾಷ್ · ಸೋಮವಾರ 11:18

ಮೂರು ಕ್ಲಾಸಿಗೂ ಮೇಲಿನ ಕ್ಲಾಸಿಗೆ ರೇಟ್ ಎಷ್ಟು ಕೊಟ್ಟೀಯ?

ರಾಯಚೂರು_ಬಿಸ್ಲು · ಸೋಮವಾರ 11:19

100 ಎಂಬಿಟ್. ಕಾರ್ಡ್ 100ರದ್ದಲ್ಲೇನ್ರೀ.

ಟೇಲ್‌ಎಂಡ್_ಮಾನ್ವಿ · ಮಂಗಳವಾರ ಬೆಳಿಗ್ಗೆ 6:30

ನಾ ನೆಟ್ ಹುಡುಗ ಅಲ್ಲ, ಕಾಲೇಜ್ ಮುಗಿಸಿ ಊರಾಗ ಹೊಲ ನೋಡ್ಕೊಂಡು ಅದರ ಜೊತಿ ಸ್ವಲ್ಪ ಲಿನಕ್ಸ್ ಮಾಡ್ತೀನಿ, ಆದ್ರ ಇದು ನನಗ ಬರೋಬ್ಬರಿ ಗೊತ್ತಿರೋ ವಿಷಯ ಯಾಕಂದ್ರ ಇದು ತುಂಗಭದ್ರಾ ಎಡದಂಡೆ ಕಾಲುವಿ ಕಥಿನೇ. ಮುನಿರಾಬಾದ್‌ನಿಂದ ನೀರು ಬಿಡ್ತಾರ, 227 ಕಿಲೋಮೀಟರ್ ಕಾಲುವಿ, ನಮ್ಮೂರು ಕಟ್ಟ ಕಡೀಕ. ಮೈಲು 69ರ ಗೇಜ್, ಅಂದ್ರ ನೀರಿನ ಮಟ್ಟ, ಇಷ್ಟಿರ್ಬೇಕು ಅಂತ ವರ್ಷಾ ಕೂಗ್ತೀವಿ. ಈಗ ನೀ ನಮ್ಮೂರ ತೂಬಿನಾಗ ಕುಂತು "ಕುಡ್ಯೋ ನೀರಿಗೆ ಮೊದ್ಲು, ಹತ್ತಿಗೆ ಆಮ್ಯಾಲ" ಅಂತ ಬೋರ್ಡ್ ಬರದ್ರ ಏನುಪಯೋಗ? ನಮ್ ತೂಬಿನಾಗ ನೀರು ನಿಲ್ಲಂಗೇ ಇಲ್ಲ, ಬಂದಷ್ಟು ಹರದು ಹೋಗ್ತದ, ನಿಲ್ಲೋದು ಬ್ಯಾರೆ ಕಡಿ. ಎಲ್ಲಿ ನಿಲ್ತದೋ ಅಲ್ಲಿ ಗೇಟ್ ಯಾರ ಕೈಯಾಗ ಅದನೋ ಅವನ ಮಾತ ನಡೀತದ.

ನಿಂದೂ ಹಂಗ. 100 ಎಂಬಿಟ್ ಅಂತ ಹೇಳಿದ್ರ ಎಚ್‌ಟಿಬಿ ತನ್ ಹತ್ರ ಒಂದ್ ಪ್ಯಾಕೆಟ್ಟೂ ನಿಲ್ಸಂಗಿಲ್ಲ, ಬಂದ ಕೂಡ್ಲೆ ಮುಂದ ನೂಕ್ತದ. ಸಾಲು ಇದ್ರಲ್ಲ ಸಾಲಿನಾಗ ಯಾರು ಮೊದ್ಲು ಅನ್ನೋ ಪ್ರಶ್ನಿ ಬರೋದು. ನಿನ್ ಸಾಲು ನಿಂತಿರೋದು ಮೋಡೆಮ್ ಒಳಗ, ಮೋಡೆಮ್‌ಗೆ ನಿನ್ ಚೀಟಿ ಹೋಗೇ ಇಲ್ಲ.

ಬಳ್ಳಾರಿ_ಬ್ಯಾಷ್ · ಮಂಗಳವಾರ 7:50

ಮಾನ್ವಿ ಅಣ್ಣ ನಾನು ಎರಡು ಪುಟ ಬರೆಯೋದನ್ನ ಎರಡೇ ಮಾತಲ್ಲಿ ಮುಗ್ಸಿದ. ಲೆಕ್ಕ ನಾನು ಹಾಕ್ತೀನಿ. ದೊಡ್ಡ ಪ್ಯಾಕೆಟ್ 1500 ಬೈಟ್, ಅಂದ್ರೆ 12 ಸಾವಿರ ಬಿಟ್, 10 ಎಂಬಿಪಿಎಸ್ ಅಪ್‌ಲೋಡಲ್ಲಿ ಒಂದು ಪ್ಯಾಕೆಟ್ ಹೋಗಾಕೆ 1.2 ಮಿಲಿಸೆಕೆಂಡ್. ಮೋಡೆಮ್ ಒಳಗೆ ಸಾವಿರ ಪ್ಯಾಕೆಟ್ ನಿಲ್ಲೋ ಜಾಗ ಇದ್ರೆ, ಮಾವ ಅದನ್ನ ತುಂಬಿಸಿ ಇಟ್ಟಿದ್ರೆ, ನಿನ್ ಹೆಬ್ಬೆಟ್ಟಿನ ಪ್ಯಾಕೆಟ್ ಸಾವಿರದ ಒಂದನೇದು. 1.2 ಸೆಕೆಂಡ್ ಕಾಯ್ಬೇಕು. ನಿನ್ ಪಿಂಗ್ ಎಷ್ಟಂದೆ? 1200. ಹೆಬ್ಬೆಟ್ಟಿಗೆ ಒಂದೇ ಪ್ಯಾಕೆಟ್ ಅಲ್ಲ ಮತ್ತೆ, ಹೆಸರು ಹುಡುಕೋ ಡಿಎನ್‌ಎಸ್, ಕನೆಕ್ಷನ್ ತೆರೆಯೋ ಟಿಸಿಪಿ ಹ್ಯಾಂಡ್‌ಶೇಕು, ಅದ್ರ ಮೇಲೆ ಗುಟ್ಟು ಕಾಯೋ ಟಿಎಲ್‌ಎಸ್, ಒಂದೊಂದಕ್ಕೂ ಹೋಗಿ ಬರಬೇಕು, ಹೋದ ಸಲಕ್ಕೊಮ್ಮೆ 1.2 ಸೆಕೆಂಡು. ಟೈಮ್‌ಔಟ್ ಆಗ್ದೆ ಏನಾಗ್ತೈತೆ. ಇದಕ್ಕೇ ಬಫರ್‌ಬ್ಲೋಟ್ ಅಂತಾರೆ.

ಮಾಡ್ಬೇಕಾಗಿದ್ದು ಇಷ್ಟೇ: ಮೇಲಿನ ಕ್ಲಾಸಿನ ರೇಟ್ 9 ಎಂಬಿಟ್‌ಗೆ ಇಳಿಸು, ಲೈನಿನ ಸ್ಪೀಡ್‌ಗಿಂತ ಸ್ವಲ್ಪ ಕಮ್ಮಿ. ಆವಾಗ ಮೋಡೆಮ್ ಯಾವತ್ತೂ ತುಂಬಲ್ಲ, ಸಾಲು ನಿನ್ ಡೆಬಿಯನ್ ಒಳಗೆ ನಿಲ್ತೈತೆ, ಅಲ್ಲಿ ನಿನ್ ಚೀಟಿಗೆ ಬೆಲೆ ಐತೆ. ಕೆಳಗೆ ಮೂರಕ್ಕೆ 2, 5, 2 ಹಂಚು, ಮೂರಕ್ಕೂ ಸೀಲಿಂಗ್ 9 ಕೊಡು, ಅಂದ್ರೆ ಬೇರೆಯೋರು ಸುಮ್ನಿದ್ರೆ ಯಾರು ಬೇಕಾದ್ರೂ ಪೂರ್ತಿ ಬಳಸಬೌದು. ಕೂಡಿದ್ರೆ 9 ಬರ್ಬೇಕು, ಅದನ್ನ ನೀನೇ ನೋಡ್ಕಬೇಕು, ಎಚ್‌ಟಿಬಿ ಕೂಡಿ ನೋಡಲ್ಲ, ಬೈಯೋದೂ ಇಲ್ಲ. ಪ್ರಯಾರಿಟಿ ನಂಬರ್ ಚಿಕ್ಕದಾದಷ್ಟೂ ಮುಂದೆ, 0 ಹೆಬ್ಬೆಟ್ಟಿಗೆ.

ಭತ್ತದ_ಕಣಜ · ಮಂಗಳವಾರ 8:15

ನಾ ಗಂಗಾವತಿಯಿಂದ. ಮಾನ್ವಿ ಅಣ್ಣಾವ್ರು ನೆಟ್ ಮಾತಾಡ್ಕೋತ ನಡುವ ನಮಗ ಒಂದು ಚುಚ್ಚಿ ಹೋದ್ರು ಅನಿಸ್ತೈತಿ 😄 ಮ್ಯಾಲಿನವ್ರು ನೀರೆಲ್ಲಾ ಭತ್ತಕ್ಕ ಎಳಕೊಂಡ್ರು ಅಂತ ಅಲ್ಲೇನ್ರಿ?

ಟೇಲ್‌ಎಂಡ್_ಮಾನ್ವಿ · ಮಂಗಳವಾರ 8:31

ಕಾಲುವಿ ಮಾಡಿದಾಗ ಜೋಳ ಹತ್ತಿಗೆ ಅಂತ ಮಾಡಿದ್ರು. ನಾ ಏನೂ ಹೇಳಿಲ್ಲ, ನಿಮ್ಗೆ ಗೊತ್ತದ 🙏

ಭತ್ತದ_ಕಣಜ · ಮಂಗಳವಾರ 8:40

ಸರಿ, ಜಗಳ ಬ್ಯಾಡ. ಆದ್ರ ನಿಮ್ ಹೋಲಿಕಿ ಒಂದ್ ಕಡಿ ಮುರೀತೈತಿ. ಕಾಲುವ್ಯಾಗ ನೀರು ಕಮ್ಮಿ ಬಂತಂತ ನಾ ನನ್ ಪಂಪ್‌ಸೆಟ್ ಸಣ್ಣದು ಮಾಡ್ತೀನೇನು? ಇನ್ನೊಂದು ಇಡ್ತೀನಿ. ಟಿಸಿಪಿ ಹಂಗಲ್ಲ, ಒಂದ್ ಪ್ಯಾಕೆಟ್ ಬಿಸಾಕಿದ್ರ ಸಾಕು, ಕಳಿಸೋ ಕಡಿಯವ ತಾನಾ ಸ್ಪೀಡ್ ಇಳಿಸ್ತಾನ. ಸಾಲು ಉದ್ದ ಬೆಳಸೋದಕ್ಕಿಂತ ಬ್ಯಾಗ ಒಂದೆರಡು ಬಿಸಾಕೋದು ಛಲೋ ಅನ್ನೋದು ಅದಕ್ಕ. ಮೋಡೆಮ್ ತಪ್ಪು ಏನಂದ್ರ ಒಂದನ್ನೂ ಬಿಸಾಕದ ಎಲ್ಲಾ ಇಟ್ಕೊಂಡು ಕುಂದ್ರೋದು.

ಟೇಲ್‌ಎಂಡ್_ಮಾನ್ವಿ · ಮಂಗಳವಾರ 8:44

ಟಿಸಿಪಿಗೆ ಇರೋ ನಾಚಿಕಿ ನಮ್ ರೈತ್ರಿಗೆ ಇದ್ದಿದ್ರ ಗಣೇಕಲ್ ಕೆರಿ ಯಾವಾಗ್ಲೂ ತುಂಬಿರ್ತಿತ್ತು. ಒಪ್ಪಿದೆ.

ರಾಯಚೂರು_ಬಿಸ್ಲು · ಮಂಗಳವಾರ ಮಧ್ಯಾಹ್ನ 1:10

9 ಎಂಬಿಟ್ ಹಾಕ್ದೆ. ಮಾವ ಅಪ್‌ಲೋಡ್ ನಡಸ್ಲಿಕತ್ತಿದ್ದ, ಆವಾಗ್ಲೇ ಪಿಂಗ್ ಹಚ್ಚಿ ನೋಡ್ಕೋತ ಕುಂತೆ. 1240, 1190, 1210, ಎಂಟರ್ ಹೊಡ್ದೆ, ಒಂದೆರಡು ಸೆಕೆಂಡು ಹಂಗ ಇತ್ತು, ಆಮ್ಯಾಲ 400, 60, 14, 12, 15. ನಾ ಕುರ್ಚಿ ಬಿಟ್ಟು ಎದ್ದೆ. ಪೆನ್ಶನ್‌ಗೆ ಬಂದಿದ್ದ ಅಜ್ಜ ಗಾಬರಿಯಾಗಿ ಏನಾತೋ ತಮ್ಮಾ ಅಂದ. ಅಜ್ಜನ ಹೆಬ್ಬೆಟ್ಟು ಮೊದಲ್ನೇ ಸಲಕ್ಕ ಆತು.

ಒಂದು ಡೌಟ್. ಮಾರ್ಕ್ ಯಾಕ ಬೇಕಾತು? ಟಿಸಿ ಫಿಲ್ಟರ್‌ನಾಗ ನೇರ ಐಪಿ ನೋಡಿ ಬ್ಯಾರೆ ಮಾಡ್ಬಹುದಿತ್ತಲ್ಲ?

ಬಳ್ಳಾರಿ_ಬ್ಯಾಷ್ · ಮಂಗಳವಾರ 1:35

ಒಳ್ಳೆ ಪ್ರಶ್ನೆ, ಜಗ್ಗಿ ಜನ ಇಲ್ಲೇ ಬೀಳೋದು. ಹೊರಗೆ ಹೋಗೋ ಕಾರ್ಡಲ್ಲಿ ಟಿಸಿ ಕೈಗೆ ಪ್ಯಾಕೆಟ್ ಬರೋ ಹೊತ್ತಿಗೆ ನ್ಯಾಟ್, ಅಂದ್ರೆ ಒಳಗಿನ ಅಡ್ರೆಸ್ ಹೊರಗಿನದಕ್ಕೆ ಬದಲಾಗೋದು, ಮುಗ್ದಿರ್ತೈತೆ. ಮಾವನ ಪ್ಯಾಕೆಟ್ಟು, ನಿನ್ ಪ್ಯಾಕೆಟ್ಟು, ಎಲ್ಲಕ್ಕೂ ಒಂದೇ ಹೊರಗಿನ ಅಡ್ರೆಸ್. ಯಾರ್ದು ಯಾವ್ದು ಟಿಸಿಗೆ ಹೆಂಗೆ ಗೊತ್ತಾಗ್ಬೇಕು? ಮ್ಯಾಂಗಲ್ ಟೇಬಲ್ ಪೋಸ್ಟ್‌ರೌಟಿಂಗಲ್ಲಿ ನ್ಯಾಟ್‌ಗಿಂತ ಮೊದ್ಲು ಬರ್ತೈತೆ, ಅಲ್ಲಿ ಇನ್ನೂ ಒಳಗಿನ 192.168 ಅಡ್ರೆಸ್ ಕಾಣ್ತೈತೆ, ಅದನ್ನ ನೋಡಿ ಚೀಟಿ ಬರೀತೀಯ, ಆಮೇಲೆ ಅಂಗಿ ಬದಲಾದ್ರೂ ಜೇಬಲ್ಲಿ ಚೀಟಿ ಹಂಗೇ ಇರ್ತೈತೆ.

ಮಾರ್ಕ್ ನೋಡಿ ರೌಟಿಂಗ್ ಬದಲಾಯಿಸ್ಬೇಕು, ಎರಡು ಕನೆಕ್ಷನ್ ಐತೆ ಅಂತಂದ್ರೆ ಮಾತ್ರ ಪೋಸ್ಟ್‌ರೌಟಿಂಗಲ್ಲಿ ಹಾಕಿದ್ರೆ ನಡಿಯಲ್ಲ, ಹೆಸರೇ ಹೇಳ್ತೈತಲ್ಲ, ರೌಟಿಂಗ್ ಮುಗಿದ ಮೇಲೆ. ಅದಕ್ಕೆ ಪ್ರಿರೌಟಿಂಗ್, ಇಲ್ಲಾ ರೌಟರೇ ಹುಟ್ಟಿಸೋ ಪ್ಯಾಕೆಟ್‌ಗೆ ಔಟ್‌ಪುಟ್.

ಹೊಸಬ_ಸಿಂಧನೂರು · ಮಂಗಳವಾರ 4:00

ಡಿಪ್ಲೊಮಾ ಓದ್ಲಿಕತ್ತೀನಿ, ತಪ್ಪಿದ್ರ ಬೈಬ್ಯಾಡ್ರಿ. ಈ ಮಾರ್ಕ್ ನೆಟ್ ಕಂಪನಿ ತನಕ ಹೋಗ್ತದೇನು? ಅಲ್ಲೂ ಮೊದ್ಲು ಬಿಡ್ತಾರೇನು?

ಭತ್ತದ_ಕಣಜ · ಮಂಗಳವಾರ 4:20

ಇಲ್ಲ ತಮ್ಮಾ. ಮಾರ್ಕ್ ಆ ಒಂದ್ ಮಷೀನಿನ ಮೆಮೊರಿಯಾಗ ಹುಟ್ಟಿ ಅಲ್ಲೇ ಸಾಯ್ತೈತಿ. ಪ್ಯಾಕೆಟ್ ಜೋಡಿ ತಂತ್ಯಾಗ ಹೋಗೋದು ಡಿಎಸ್‌ಸಿಪಿ, ಐಪಿ ಹೆಡರ್‌ನಾಗ 6 ಬಿಟ್, 0ರಿಂದ 63, ಮಾತಾಡೋ ವಾಯ್ಸ್‌ಗೆ ರೂಢಿಯೊಳಗ 46. ಅದನ್ನೂ ದಾರ್ಯಾಗ ಯಾರ ಬೇಕಾದ್ರೂ ಅಳಿಸಬಹುದು, ಅದರ ಮ್ಯಾಲ ಭರೋಸಾ ಇಟ್ಟು ಕುಂದ್ರಬ್ಯಾಡ. ಆದ್ರ ಮನಿಯೊಳಗಿನ ವೈಫೈಗೆ ಅದು ಉಪಯೋಗ ಐತಿ, ಡಿಎಸ್‌ಸಿಪಿ ನೋಡಿ ವೈಫೈ ವಾಯ್ಸ್, ವಿಡಿಯೋ, ಸಾದಾ, ಬ್ಯಾಕ್‌ಗ್ರೌಂಡು ಅಂತ ನಾಕು ಸಾಲು ಮಾಡ್ತೈತಿ.

ಕುಷ್ಟಗಿ_ಅಕ್ಕ · ಮಂಗಳವಾರ ರಾತ್ರಿ 9:05

ಎಲ್ಲಾ ಓದಿದೆ. ಒಂದು ಕಾಲೇಜಿನ ನೆಟ್‌ವರ್ಕ್ ನೋಡ್ಕೊಳ್ಳೋ ಕೆಲಸ ನಂದು. ನಿಮಗೆಲ್ಲಾ ಬೇಜಾರಾಗೋ ಮಾತು ಹೇಳ್ತೀನಿ. ಇಷ್ಟ್ ಮಾರ್ಕು, ಇಷ್ಟ್ ಕ್ಲಾಸು ಬೇಕಾಗೇ ಇರ್ಲಿಲ್ಲ. ಬಿಸ್ಲು ಅಣ್ಣಾರಿಗೆ ಪಿಂಗ್ ಇಳದದ್ದು ಮಾರ್ಕಿಂದ ಅಲ್ಲ, 9 ಎಂಬಿಟ್‌ನಿಂದ. ನಂಬಿಕಿ ಇಲ್ಲಂದ್ರ ಎಚ್‌ಟಿಬಿ ಕಿತ್ತಾಕಿ ಕೇಕ್ ಅಂತ ಒಂದು ಕ್ಯೂಡಿಸ್ಕ್ (ಸಾಲು ನೋಡ್ಕೊಳ್ಳೋದು) ಐತಿ, 2018ರಾಗ ಬಂದ 4.19 ಕರ್ನಲ್‌ನಿಂದ ಒಳಗೇ ಐತಿ, ಅದನ್ನ ಒಂದ ಸಾಲಿನಾಗ 9 ಎಂಬಿಟ್ ಅಂತ ಹಾಕಿ ನೋಡ್ರಿ. ಪ್ರತಿ ಫ್ಲೋಕ್ಕೂ (ಒಂದೊಂದು ಕನೆಕ್ಷನ್ನಿಗೂ) ಬ್ಯಾರೆ ಸಾಲು ಅದ ಮಾಡ್ತೈತಿ, ಉದ್ದ ಸಾಲಿನವ್ರ ಪ್ಯಾಕೆಟ್ ಬ್ಯಾಗ ಬಿಸಾಕ್ತೈತಿ. ಹೆಬ್ಬೆಟ್ಟಿನಂಥ ಚಿಕ್ಕ ಫ್ಲೋ ಸಾಲಿನಾಗ ಮೊದ್ಲೇ ಮುಂದ ಬರ್ತೈತಿ, ಯಾರ ಚೀಟಿನೂ ಬ್ಯಾಡ.

ನಾ 2 ವರ್ಷ ಹಿಂದ ಹಿಂಗ ಮಾರ್ಕ್ ಬರೀಕೋತ ಹೋಗಿ ನಲವತ್ತು ರೂಲ್ ಮಾಡಿದ್ದೆ. ಪ್ರಿನ್ಸಿಪಾಲ್‌ರಿಗೆ ಒಂದು, ಆಫೀಸಿಗೆ ಒಂದು, ಲ್ಯಾಬಿಗೆ ಒಂದು, ವಿಡಿಯೋ ಕ್ಲಾಸಿಗೆ ಒಂದು. ವಿಡಿಯೋ ಎಲ್ಲಾ ಯುಡಿಪಿ ಪೋರ್ಟ್ 443ರಾಗ ಕ್ವಿಕ್ ಅನ್ನೋ ಪ್ರೋಟೋಕಾಲ್ ಮ್ಯಾಲ ಹೊಂಟ್ವು, ಪೋರ್ಟ್ ನೋಡಿ ಗುರ್ತು ಹಿಡಿಯೋ ಆಟ ಅಲ್ಲಿಗೆ ಮುಗೀತು, ಸಿನಿಮಾನೂ 443, ಮೀಟಿಂಗೂ 443. ಕಡೀಕ ಯಾವ ರೂಲ್ ಯಾಕ ಬರದೀನಿ ನನಗ ನೆನಪಿದ್ದಿಲ್ಲ. ಐಪಿಟೇಬಲ್ಸ್‌ನಾಗ ಮಾರ್ಕ್ ಹಾಕಿದ ಕೂಡ್ಲೆ ಪ್ಯಾಕೆಟ್ ಅಲ್ಲೇ ನಿಲ್ಲಂಗಿಲ್ಲ, ಕೆಳಗಿನ ರೂಲ್‌ಗೂ ಹೋಗ್ತೈತಿ, ಅಲ್ಲಿ ಇನ್ನೊಂದು ಮಾರ್ಕ್ ಬಿದ್ರ ಮೊದ್ಲಿಂದು ಅಳಿಸಿ ಹೋಗ್ತೈತಿ. ಪ್ರಿನ್ಸಿಪಾಲ್‌ರ ಮಾರ್ಕ್‌ನ ಹಾಸ್ಟೆಲ್ ರೂಲ್ ತಿಂದು ಎಷ್ಟ್ ದಿನ ಆಗಿತ್ತೋ ಏನೋ, ಅವ್ರು ಮಾತ್ರ ಈಗ ಸ್ಪೀಡ್ ಛಲೋ ಐತ್ರಿ ಅಂತಿದ್ರು.

ಬಳ್ಳಾರಿ_ಬ್ಯಾಷ್ · ಮಂಗಳವಾರ 9:30

ಅಕ್ಕಾ, ನಲವತ್ತು ರೂಲಿನ ವಿಷಯ ಒಪ್ತೀನಿ, ನಂದೂ ಅದೇ ಪಾಪ. ಆದ್ರೆ ಮಾರ್ಕ್ ಬೇಡವೇ ಬೇಡ ಅನ್ನೋದು ಒಪ್ಪಲ್ಲ. ಕೇಕ್‌ಗೆ ಫ್ಲೋ ಕಾಣ್ತೈತೆ, ಮನೆ ಕಾಣಲ್ಲ. ಮಾವನ ಸಾಫ್ಟ್‌ವೇರ್ ಒಂದೇ ಸಲಕ್ಕೆ ಹದಿನಾರು ಕನೆಕ್ಷನ್ ತೆಗೆದು ಅಪ್‌ಲೋಡ್ ಮಾಡಿದ್ರೆ ಹದಿನೇಳು ಪಾಲಲ್ಲಿ ಹದಿನಾರು ಅವನಿಗೇ. ಪೆನ್ಶನ್ ಯಾವ್ದು, ಮದುವೆ ವಿಡಿಯೋ ಯಾವ್ದು, ಯಾವುದು ಕಾಯಬೌದು ಅನ್ನೋದು ಅಲ್ಗಾರಿದಮ್‌ಗೆ ಗೊತ್ತಿಲ್ಲ. ಅದನ್ನ ಮನುಷ್ಯ ಹೇಳಬೇಕು. ಹೇಳೋಕೆ ಇರೋದೇ ಮಾರ್ಕು.

ಕುಷ್ಟಗಿ_ಅಕ್ಕ · ಮಂಗಳವಾರ 9:48

ಹದಿನಾರು ಕನೆಕ್ಷನ್‌ಗೆ ಔಷಧ ಕೇಕ್‌ನಾಗ ಐತಿ ತಮ್ಮಾ, ಡ್ಯುಯಲ್ ಸೋರ್ಸ್‌ಹೋಸ್ಟ್ ಅಂತ, ಮೊದ್ಲು ಮಷೀನ್ ಲೆಕ್ಕಕ್ಕ ಹಂಚಿ ಆಮ್ಯಾಲ ಫ್ಲೋ ಲೆಕ್ಕಕ್ಕ ಹಂಚ್ತೈತಿ. ನ್ಯಾಟ್ ಅಂತ ಇನ್ನೊಂದು ಶಬ್ದ ಹಾಕಿದ್ರ ಕನೆಕ್ಷನ್ ಟ್ರ್ಯಾಕಿಂಗ್ ಕೇಳಿ ಒಳಗಿನ ಅಡ್ರೆಸ್ಸೂ ತಿಳ್ಕೊಂತೈತಿ, ನೀವು ಮಧ್ಯಾಹ್ನ ಹೇಳಿದ ಅಂಗಿ ಬದಲಾಯಿಸೋ ತಕರಾರಿಗೂ ಪರಿಹಾರ.

ಆದ್ರ ಕಡಿಯ ಮಾತು ಖರೇ. ಯಾವುದು ಕಾಯಬಹುದು ಅಂತ ಹೇಳಬೇಕು. ನಾ ಹೇಳೋದು ಏನಂದ್ರ ಮುಖ್ಯ ಇದ್ದದ್ದನ್ನ ಗುರ್ತು ಹಿಡಿಯಾಕ ಹೋಗಬ್ಯಾಡ್ರಿ, ಅದು ದಿನಾ ಬದಲಾಗ್ತೈತಿ, ಇವತ್ತು ಪೆನ್ಶನ್, ನಾಳೆ ಎಕ್ಸಾಮ್ ಫಾರ್ಮ್ ಕಡೀ ದಿನ. ಕಾಯೋ ಒಬ್ಬನ್ನ ಗುರ್ತು ಹಿಡೀರಿ. ಸ್ಟುಡಿಯೋ ಒಂದಕ್ಕ ಮಾರ್ಕ್ 1, ಕೇಕ್‌ನಾಗ ನಾಕು ಡಬ್ಬಿ ಮಾಡೋ ಡಿಫ್‌ಸರ್ವ್4, ಎಫ್‌ಡಬ್ಲ್ಯೂಮಾರ್ಕ್ ಅಂತ ಮಾಸ್ಕ್ (ಯಾವ ಬಿಟ್ ನೋಡ್ಬೇಕು ಅನ್ನೋದು) ಕೊಟ್ರ ಮಾರ್ಕ್ 1 ಇದ್ದದ್ದು ಬಲ್ಕ್ ಅನ್ನೋ ಕೆಳಗಿನ ಡಬ್ಬಿಗೆ ಬೀಳ್ತೈತಿ. ಲೈನ್ ಖಾಲಿ ಇದ್ರ ಮಾವ ಪೂರಾ 9 ತಗೋತಾನ, ಗದ್ದಲ ಇದ್ದಾಗ ಹದಿನಾರರಾಗ ಒಂದು ಪಾಲು. ಒಂದ ರೂಲು. ಮರೆಯೋಕೂ ಆಗಂಗಿಲ್ಲ.

ಬಳ್ಳಾರಿ_ಬ್ಯಾಷ್ · ಮಂಗಳವಾರ 9:55

ಇದು ಸರಿ. ಕೆಳಗಿಂದ ಗುರುತು ಹಾಕೋದು ನನಗೆ ಹೊಳೆದಿರ್ಲಿಲ್ಲ.

ಸುಮ್ನೆ_ಓದೋನು · ಮಂಗಳವಾರ 9:57

ಕೇಕ್ ಅಂದ ತಕ್ಷಣ ಬೇಕರಿ ನೆನಪಾಗಿ ಎದ್ದು ಹೋಗಿ ಬನ್ ತಿಂದು ಬಂದೆ. ಅಷ್ಟರಲ್ಲಿ ರಾಜಿ ಆಗೋಗಿದೆ.

ರಾಯಚೂರು_ಬಿಸ್ಲು · ಬುಧವಾರ ರಾತ್ರಿ 8:20

ಇನ್ನಾ ಕೇಕ್ ಹಾಕಿಲ್ಲ, ಎಚ್‌ಟಿಬಿ ಮ್ಯಾಲೇ ಇದ್ದೀನಿ, ಯಾಕಂದ್ರ ಹೊಸಾ ತಕರಾರು. ಇವತ್ತು ಸಂಜಿಕ ಹೆಬ್ಬೆಟ್ಟು ಪಿಸಿ ಫಸ್ಟ್‌ಕ್ಲಾಸ್ ಅದ, ಆದ್ರ ಪಹಣಿ ತೆಗ್ಯೋ ಎರಡು ಪಿಸಿ ಸತ್ತು ಬಿದ್ದಾವ. ನೋಡಿದ್ರ 1:30ದಾಗ ಮಾವ ಅರ್ಧ ಎಂಬಿಟ್ ಸೈತ ಇಲ್ಲ, 1:20 ತುಂಬಿ ತುಳುಕ್ಲಿಕತ್ತದ. ಮಾವ ಹೊಸ ಲ್ಯಾಪ್‌ಟಾಪ್ ತಂದಾನ, ಅದರ ಐಪಿಗೂ ಅದ ಮಾರ್ಕ್ ಹಚ್ಚೀನಿ, ಮತ್ ಯಾಕ?

ಕುಷ್ಟಗಿ_ಅಕ್ಕ · ಬುಧವಾರ 8:32

ಐಪಿವಿ6 (ಹೊಸ ನಮೂನಿ ಅಡ್ರೆಸ್) ಬರ್ತೈತೇನು ನಿಮ್ ಲೈನಿನಾಗ?

ರಾಯಚೂರು_ಬಿಸ್ಲು · ಬುಧವಾರ 8:50

ಬರ್ತದ ಅಕ್ಕಾ. ಅಯ್ಯೋ.

ಕುಷ್ಟಗಿ_ಅಕ್ಕ · ಬುಧವಾರ 9:02

ಹೂಂ, ಅದ. ಐಪಿಟೇಬಲ್ಸ್ ನೋಡೋದು ಐಪಿವಿ4 ಅಷ್ಟ. ವಿ6ಗೆ ಐಪಿ6ಟೇಬಲ್ಸ್ ಬ್ಯಾರೇನೇ ಐತಿ, ನೀವು ಅಲ್ಲಿ ಏನೂ ಬರದಿಲ್ಲ. ಟಿಸಿ ಫಿಲ್ಟರ್‌ನಾಗೂ ಪ್ರೋಟೋಕಾಲ್ ಐಪಿ ಅಂತ ಹಾಕಿರ್ತೀರಿ, ಅದೂ ವಿ4 ಒಂದ. ಹೊಸ ಲ್ಯಾಪ್‌ಟಾಪ್ ವಿ6 ಸಿಕ್ಕ ಕೂಡ್ಲೆ ಅದರಾಗ ಹೊಂಟೈತಿ, ಚೀಟಿ ಇಲ್ಲ, ಸೀದಾ ಡಿಫಾಲ್ಟ್ ಕ್ಲಾಸು, ಪಹಣಿ ಪಿಸಿ ಜೋಡಿ ಒಂದ ಸಾಲು. ಮುಂದಿನ ಬಾಗ್ಲಾಗ ವಾಚ್‌ಮನ್ ಇಟ್ಟು ಹಿತ್ತಲ ಬಾಗ್ಲಾ ತಗದಿಟ್ಟಂಗ.

ಎರಡೂ ಕಡಿ ಬರಿಯೋದು ಬ್ಯಾಡಂದ್ರ ಎನ್‌ಎಫ್‌ಟೇಬಲ್ಸ್‌ಗೆ ಬರ್ರಿ, ಇನೆಟ್ ಅಂತ ಒಂದ ಟೇಬಲ್ ಮಾಡಿದ್ರ ವಿ4 ವಿ6 ಎರಡಕ್ಕೂ ಒಂದ ರೂಲು. ವಿ6 ಅಡ್ರೆಸ್ ಪದೇ ಪದೇ ಬದಲಾಗ್ತಾವ, ಐಪಿ ನೋಡಬ್ಯಾಡ್ರಿ, ಸ್ಟುಡಿಯೋದ ಮ್ಯಾಕ್ ಅಡ್ರೆಸ್ (ಲ್ಯಾನ್ ಕಾರ್ಡಿನ ನಂಬರು) ನೋಡ್ರಿ. ಅದು ಕಾಣೋದು ಪ್ಯಾಕೆಟ್ ಒಳಗ ಬರೋ ಕಡಿ, ಪ್ರಿರೌಟಿಂಗ್ ಇಲ್ಲಾ ಫಾರ್ವರ್ಡ್‌ನಾಗ ಹಾಕ್ರಿ.

ಟೇಲ್‌ಎಂಡ್_ಮಾನ್ವಿ · ಬುಧವಾರ 9:10

ಮಾರ್ಕ್ ಬರೀವಾಗ ಮಾಸ್ಕ್ ಹಾಕೋದು ಮರೀಬ್ಯಾಡ. 32 ಬಿಟ್ ಅಂದ್ರ ಊರ ಬಾವಿ ಇದ್ದಂಗ, ಎಲ್ಲಾರೂ ಸೇದ್ತಾರ. ನಾ ಹೊಲದ ಕ್ಯಾಮೆರಾ ನೋಡ್ಲಿಕ್ಕ ಒಂದು ವಿಪಿಎನ್ ಹಾಕಿದ್ದೆ, ಅದೂ ತನ್ ಲೆಕ್ಕಕ್ಕ ಮಾರ್ಕ್ ಇಟ್ಕೊಂಡಿತ್ತು, ನಾ ಪೂರಾ ಖಾನೆ ಮ್ಯಾಲ ನನ್ ನಂಬರ್ ಬರದು ಅದನ್ನ ಕೆಡಿಸಿದ್ದೆ. ಎರಡು ದಿನ ಕ್ಯಾಮೆರಾ ಕೆಟ್ಟದಂತ ತಿಳ್ಕೊಂಡು ಬಿಸಲಾಗ ಕಂಬ ಹತ್ತೀನಿ. ತಪ್ಪು ನಂದೇ.

ಹೊಸಬ_ಸಿಂಧನೂರು · ಬುಧವಾರ 9:25

ಡೌನ್‌ಲೋಡ್‌ಗೂ ಹಿಂಗ ಮಾಡ್ಬಹುದೇನ್ರೀ? ನಮ್ ರೂಮಿನಾಗ ಒಬ್ಬ ಗೇಮ್ ಡೌನ್‌ಲೋಡ್ ಹಚ್ಚಿದ್ರ ಎಲ್ಲಾರ ಕ್ಲಾಸ್ ನಿಲ್ತದ.

ಬಳ್ಳಾರಿ_ಬ್ಯಾಷ್ · ಬುಧವಾರ 9:50

ಮಾಡಬೌದು, ಆದ್ರೆ ಅಲ್ಲೊಂದು ಗುಂಡಿ ಐತೆ. ಹೊರಗಿನ ಕಾರ್ಡಿಗೆ ಬಂದ ಪ್ಯಾಕೆಟ್‌ನ ಟಿಸಿ ಇನ್‌ಗ್ರೆಸ್ ನೆಟ್‌ಫಿಲ್ಟರ್ ಪ್ರಿರೌಟಿಂಗ್‌ಗಿಂತ ಮೊದ್ಲೇ ನೋಡ್ತೈತೆ. ಚೀಟಿ ಬರೆಯೋನು ಇನ್ನೂ ಬಂದೇ ಇಲ್ಲ, ಓದೋನು ಬಂದು ಕುಂತಾನೆ. ಅದಕ್ಕೇ ಐಎಫ್‌ಬಿ ಅಂತ ಸುಳ್ಳು ಕಾರ್ಡ್ ಮಾಡಿ ಅಲ್ಲಿಗೆ ತಿರುಗ್ಸೋರು, ಮಾರ್ಕ್‌ನ ಕನೆಕ್ಷನ್ನಿಗೇ ಅಂಟಿಸೋ ಕನ್‌ಮಾರ್ಕ್ ಬಳಸಿ, ಟಿಸಿಲಿ ಕನ್‌ಮಾರ್ಕ್ ಆ್ಯಕ್ಷನ್ ಹಾಕಿ ಅದನ್ನ ವಾಪಸ್ ತಗೊಂತಾರೆ. ಹೋಗೋ ಪ್ಯಾಕೆಟ್‌ಗೆ ಹಾಕಿದ ಗುರುತು ಬರೋ ಪ್ಯಾಕೆಟ್‌ಗೂ ಸಿಗ್ತೈತೆ.

ಒಳಗಿನ ಕಡೆ ಒಂದೇ ಕಾರ್ಡ್ ಇದ್ರೆ ಇಷ್ಟು ಒದ್ದಾಟ ಬೇಡ. ಡೌನ್‌ಲೋಡ್ ಆಗೋದು ನಿಮ್ ರೂಮಿನ ಕಡೆ ಕಾರ್ಡಿಂದ ಹೊರಗೆ ಹೋಗೋ ಟ್ರಾಫಿಕ್ಕೇ ಅಲ್ವಾ, ಅಲ್ಲೇ ಕೇಕ್ ಹಾಕು, 40ಕ್ಕೆ 36 ಕೊಡು. ಇದು ಅಪ್‌ಲೋಡಿನಷ್ಟು ಗಟ್ಟಿ ಅಲ್ಲ, ಪ್ಯಾಕೆಟ್ ಆಗ್ಲೇ ಲೈನ್ ದಾಟಿ ಬಂದಿರ್ತೈತೆ, ನಾವು ಬಿಸಾಕಿ ಕಳಿಸೋನಿಗೆ ಸನ್ನೆ ಮಾಡೋದು ಅಷ್ಟೇ. ಹೊಸ ರೌಟರ್ ಆದ್ರೆ ಹಾರ್ಡ್‌ವೇರ್ ಆಫ್‌ಲೋಡ್ ಆಫ್ ಮಾಡು, ಇಲ್ಲಾಂದ್ರೆ ಪ್ಯಾಕೆಟ್ ಕರ್ನಲ್ ಸಾಲಿಗೆ ಬರ್ದೇ ಹಿಂದಿಂದ ಹೋಗ್ತೈತೆ, ನೀನು ಖಾಲಿ ಸಾಲಿಗೆ ಕಾವಲು ಕುಂತಿರ್ತೀಯ.

ರಾಯಚೂರು_ಬಿಸ್ಲು · ಶುಕ್ರವಾರ ರಾತ್ರಿ 10:30

ಅಕ್ಕ ಹೇಳಿದಂಗ ಮಾಡ್ದೆ. ಎಚ್‌ಟಿಬಿ ತೆಗದೆ, ಕೇಕ್ ಹಾಕ್ದೆ, ಎನ್‌ಎಫ್‌ಟೇಬಲ್ಸ್‌ನಾಗ ಒಂದ ರೂಲು, ಮಾವನ ಎರಡು ಮಷೀನಿನ ಮ್ಯಾಕ್, ಮಾರ್ಕ್ 1. ನಿನ್ನೆ ಇವತ್ತು ಎರಡು ದಿನ ಒಂದ್ ಟೈಮ್‌ಔಟೂ ಇಲ್ಲ.

ಮಾವ ಬಂದು ಕೇಳ್ದ, ಹಗಲೊತ್ತು ನಂದು ನಿಧಾನ ಆಗ್ಯದಲ್ಲೋ ಅಂತ. ನಾ ಖರೇ ಹೇಳ್ದೆ. ಸ್ವಲ್ಪ ಹೊತ್ತು ಮಾರಿ ಗಂಟು ಹಾಕಿದ್ದ. ಆಮ್ಯಾಲ ನಾ ಅಂಗಡಿ ಬಂದ್ ಮಾಡಿ ಹೋದ ಮ್ಯಾಲ ನಿಂದ ಪೂರಾ ಲೈನು ಅಂತ ಗ್ರಾಫ್ ತೋರಿಸ್ದೆ, ರಾತ್ರಿ 9ಕ್ಕ ಗೆರಿ ಸೀದಾ ಮ್ಯಾಲ ಹೋಗಿ ಮುಂಜಾನಿ ತನಕ ಹಂಗ ನಿಂತದ. "ಅಂದ್ರ ನಾ ಮನಗಿದಾಗ ಹೋಗ್ತದ" ಅಂದ. ಹೂಂ ಅಂದೆ. ಮತ್ತ ಚಾ ತರಿಸ್ದ.

ರಾಯಚೂರು_ಬಿಸ್ಲು · ಶನಿವಾರ ಬೆಳಿಗ್ಗೆ 11:05

ರಾತ್ರಿ ಕರೆಂಟ್ ಹೋಗಿ ಬಂತು, ರೂಲು ಕೇಕು ಎಲ್ಲಾ ಮಾಯ 😭 ಪಿಂಗ್ 1200. ಹೊರಗ ಹದಿನೈದು ಮಂದಿ ಕುಂತಾರ.

ಕುಷ್ಟಗಿ_ಅಕ್ಕ · ಶನಿವಾರ 11:12

ಎನ್‌ಎಫ್‌ಟೇಬಲ್ಸ್ ರೂಲ್ ಇಟಿಸಿ ಒಳಗಿನ ಅದರ ಕಾನ್ಫ್ ಫೈಲಿಗೆ ಬರದು ಸರ್ವಿಸ್ ಎನೇಬಲ್ ಮಾಡ್ರಿ, ಅದು ಉಳೀತೈತಿ. ಟಿಸಿಗೆ ಹಂಗ ಉಳಿಸೋ ಜಾಗ ಇಲ್ಲ, ಆ ಕೇಕ್ ಸಾಲನ್ನ ಒಂದು ಸಣ್ಣ ಸಿಸ್ಟಮ್‌ಡಿ ಯುನಿಟ್‌ನಾಗ ಹಾಕಿ ನೆಟ್‌ವರ್ಕ್ ಎದ್ದ ಮ್ಯಾಲ ಓಡೋ ಹಂಗ ಮಾಡ್ರಿ. ಈಗ ಸದ್ಯಕ್ಕ ಎರಡೂ ಕೈಲೆ ಹೊಡದು ಮಂದೀನ ಕಳಸ್ರಿ ಮೊದ್ಲು.

ರಾಯಚೂರು_ಬಿಸ್ಲು · ಶನಿವಾರ 2:40

ಆತು ಅಕ್ಕಾ. ಬೇಕಂತ ಪಿಸಿ ಮೂರು ಸಲ ಬಂದ್ ಮಾಡಿ ಚಾಲೂ ಮಾಡೀನಿ, ಮೂರೂ ಸಲ ತಾನ ಎದ್ದು ಬಂತು. ಯುಪಿಎಸ್ ಬ್ಯಾಟ್ರಿ ಸತ್ತದ, ಅದು ಮಾತ್ರ ಮಾರ್ಕ್ ಹಚ್ಚಿದ್ರ ಏಳಂಗಿಲ್ಲ ಅನಿಸ್ತದ.